ಎರಡು ರೊಟ್ಟಿಯ ಜಪಾನಿ ಲೆಕ್ಕ

ಹನುಮನಹಳ್ಳಿಯಲ್ಲಿ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತೇವೆ. ಹೋದ ಚಳಿಗಾಲ ಜಪಾನಿನ ಹುಡುಗಿಯೊಬ್ಬಳು ಹತ್ತು ದಿನ ಇರಲು ಬರುತ್ತಾಳೆಂದು ತಿಳಿದಾಗ ನಾನು ಮೊಬೈಲಿನಲ್ಲಿ ಜಪಾನಿ ಕಲಿಯಲು ಕೂತೆ. ಅಂಕಿಗಳು ಬೇಗ ಬಂದವು. ಆದರೆ ಅಲ್ಲಿ ಬರೀ ಎರಡು ಅಂದರೆ ಸಾಲದು. ವಸ್ತುವಿನ ಆಕಾರ ನೋಡಿ ಅಂಕಿಗೆ ಬಾಲ ಹಚ್ಚಬೇಕು. ನನಗೆ ಬಾಯಿಪಾಠವಾದ ಬಾಲ ‘ಹೋನ್’ ಒಂದೇ.

ಮೊದಲ ಬೆಳಿಗ್ಗೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ತಟ್ಟೆ ಹಿಡಿದು ಠೀವಿಯಿಂದ ಕೇಳಿದೆ, “ರೊಟ್ಟಿ, ನಿಹೋನ್?” ‘ನಿ’ ಅಂದರೆ ಎರಡು; ಎರಡು ಹಾಕಲೇ ಎಂದು ನನ್ನ ಅರ್ಥ.

ಹುಡುಗಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದಳು, “ಇಲ್ಲ, ಜಪಾನಿನಲ್ಲಿ ರೊಟ್ಟಿ ಸಿಗುವುದಿಲ್ಲ.”

ಅವರ ದೇಶದ ಹೆಸರೂ ನಿಹೋನ್! ನಾನು ಗಾಬರಿಯಲ್ಲಿ ಎರಡು ಬೆರಳು ತೋರಿಸಿದೆ. ಆಕೆಗೆ ಆಗ ಹೊಳೆದು ನಗು ತಡೆಯಲಾಗಲಿಲ್ಲ. ಪೆನ್ಸಿಲು, ನುಗ್ಗೆಕಾಯಿಯಂಥ ಉದ್ದನೆಯವಕ್ಕೆ ‘ಹೋನ್’ ಅಂತೆ; ರೊಟ್ಟಿ, ಕಾಗದದಂಥ ಚಪ್ಪಟೆಯವಕ್ಕೆ ‘ಮಾಯ್’. ಹೇಳಿಕೊಟ್ಟವಳೇ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ಸುರುಳಿ ಸುತ್ತಿ, ಎತ್ತಿ ಹಿಡಿದು “ಈಗ ಹೋನ್” ಎಂದಳು.

“ಏನಂತಾಳ ಆಕಿ?” ಅವ್ವ ಒಲೆಯ ಮುಂದಿನಿಂದ ಕೇಳಿದಳು.

“ರೊಟ್ಟಿ ಸುತ್ತಿದ್ರ ಲೆಕ್ಕ ಬ್ಯಾರೆ ಅಂತಬೇ.”

“ಹೊಟ್ಟ್ಯಾಗ ಹೋದಮ್ಯಾಲೆ ಏನಂತ ಎಣಸ್ತಾರ, ಕೇಳು.”

ಸೋತ ಸಿಟ್ಟಿಗೆ ನಾನು ಸ್ವಲ್ಪ ಜಂಬ ಕೊಚ್ಚಿದೆ. ನಮ್ಮ ಕನ್ನಡದಲ್ಲಿ ಇಂಥ ರಗಳೆಯೇ ಇಲ್ಲ, ಎಲ್ಲಕ್ಕೂ ಒಂದು, ಎರಡು, ಅಷ್ಟೇ ಎಂದೆ. ಆಕೆ ಶ್ರದ್ಧೆಯಿಂದ ಬರೆದುಕೊಂಡಳು.

ಸಂಜೆ ಪಕ್ಕದ ಮನೆಯ ಖಾಲಾ ಬಂದು ಅವ್ವನ ಜೊತೆ ಕಟ್ಟೆಯ ಮೇಲೆ ಕೂತಿದ್ದರು. ಹುಡುಗಿ ಹೊರಗೆ ಬಂದು ಅವರತ್ತ ಕೈ ತೋರಿಸಿ ಖುಷಿಯಿಂದ “ಎರಡು ಅವ್ವ!” ಎಂದಳು.

“ಎರಡು ಅನ್ನಾಕ ನಾವೇನು ಬದನಿಕಾಯೇನವ್ವ?” ಖಾಲಾ ನಕ್ಕರು. “ಇಬ್ರು ಅನ್ನಬೇಕು.”

ಹುಡುಗಿ ನನ್ನ ಮುಖ ನೋಡಿದಳು. ನಾನು ನಾಲಿಗೆ ಕಚ್ಚಿಕೊಂಡೆ. ಇಷ್ಟು ವರ್ಷ ಆಡಿದ ಮಾತಿನಲ್ಲೇ ಇದ್ದದ್ದು ನನಗೆ ಕಂಡಿರಲಿಲ್ಲ. ಅವತ್ತಿನಿಂದ ಪಾಠ ಎರಡೂ ಕಡೆ ನಡೆಯಿತು. ಒಬ್ಬ, ಒಬ್ಬಾಕಿ, ಇಬ್ಬರು, ಮೂವರು. ಎಮ್ಮೆಗೆ ಮಾತ್ರ ಎರಡು. ಎಮ್ಮೆ ಮನೆಯವರಲ್ಲವೇ ಎಂದು ಆಕೆ ಕೇಳಿದಳು.

ಹೊರಡುವ ದಿನ ಗಂಗಾವತಿಗೆ ಹೋಗಲು ಆಟೋ ಕರೆಸಿದೆವು. “ಎಷ್ಟ ಮಂದಿ ಅದಾರ್ರಿ?” ಎಂದು ಆಟೋದವನು ನನ್ನನ್ನು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು, “ಒಬ್ಬಾಕಿ ಅದೀನ್ರಿ.”

ಆಟೋದವನು ಆಕೆಯನ್ನು ಮೇಲಿಂದ ಕೆಳಗೆ ನೋಡಿ ನನಗೆ ಮೆಲ್ಲಗೆ ಕೇಳಿದ, “ಇಲ್ಲೇ ಕುಷ್ಟಗಿ ಕಡೆಯವರೇನ್ರಿ?”