ಸಂಸತ್ತಿಗೆ ಹೋದ ಸಂಡಿಗೆ

ಬೇರೆಯವರ ಬಾಯಿಂದ ಕೇಳಿ ನೀವು ಬೇಜಾರಾಗುವುದಕ್ಕಿಂತ ನಾನೇ ಮೊದಲು ಹೇಳಿಬಿಡುತ್ತೇನೆ: ಕಳೆದ ಬೇಸಿಗೆಯಲ್ಲಿ ನಮ್ಮ ಸಂಸದರು ದಿಲ್ಲಿಯಲ್ಲಿ ಆಡದೇ ಉಳಿದ ಒಂದು ಮಾತನ್ನು ಆಡಿದವನು ನಾನು. ಹಿಟ್ನಾಳದ ನಮ್ಮ ಮನೆಯ ಬಚ್ಚಲಿನಲ್ಲಿ ನಿಂತು ಆಡಿದೆ. ಬಚ್ಚಲಿನಲ್ಲಿ ದನಿ ತುಸು ಗುಂಯ್‌ಗುಡುತ್ತದೆ, ಸಂಸತ್ತಿನಲ್ಲೂ ಹಾಗೇ. ಎರಡಕ್ಕೂ ಇರುವ ಹೋಲಿಕೆಯನ್ನು ಅಷ್ಟಕ್ಕೇ ಬಿಡೋಣ.

ಇದೆಲ್ಲ ಇವತ್ತು ನೆನಪಾದದ್ದು ಹಲ್ಲಿಗೆ ಸಿಕ್ಕ ಒಂದು ಹರಳಿನಿಂದ. ಬೆಳಿಗ್ಗೆ ಅವ್ವ ಡಬ್ಬಿಯ ತಳದಲ್ಲಿದ್ದ ಹಳೆಯ ಸಂಡಿಗೆ ಕರಿದಿದ್ದಳು. ಎಣ್ಣೆಯ ವಾಸನೆಗೆ ಎದ್ದು ಬಂದು, ಮುಖವನ್ನೂ ತೊಳೆಯದೆ ಒಂದನ್ನು ಬಾಯಿಗೆ ಹಾಕಿಕೊಂಡೆ. ಕರಕ್ ಅಂದಿತು, ಆಮೇಲೆ ಕಟಕ್ ಅಂದಿತು. ಕರಕ್ ಅನ್ನುವುದು ಸಂಡಿಗೆಯದು. ಕಟಕ್ ಅನ್ನುವುದು ಕಾರ್ಖಾನೆಯ ಚಿಮಣಿಯದು. ಬೆಳಕಿಗೆ ಹಿಡಿದರೆ ಬಿಳಿ ಸಂಡಿಗೆಯ ಮೈತುಂಬ ಎಳ್ಳು ಉದುರಿಸಿದ ಹಾಗೆ ಕರಿ ಚುಕ್ಕೆ. ಎಳ್ಳಲ್ಲ. ಎಳ್ಳಾಗಿದ್ದರೆ ಈ ಪ್ರಬಂಧ ಬರೆಯುವ ಬದಲು ಇನ್ನೆರಡು ತಿನ್ನುತ್ತಿದ್ದೆ.

ನನ್ನ ಕಸುಬು ಮಿಮಿಕ್ರಿ. ಮದುವೆ ಆರತಕ್ಷತೆ, ಸಾಲಿಮಕ್ಕಳ ಗ್ಯಾದರಿಂಗು, ಗುಮಾಸ್ತರ ಬೀಳ್ಕೊಡುಗೆ, ಎಲ್ಲಿ ಕರೆದರೂ ಹೋಗುತ್ತೇನೆ. ಗಂಗಾವತಿಯ ರೈಸ್ ಮಿಲ್ ಮಾಲೀಕರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹಮಾಲರನ್ನು ಬೈಯುವುದು, ಕುಷ್ಟಗಿ ಬಸ್ ನಿಲ್ದಾಣದ ಮೈಕು ಹನುಮಸಾಗರದ ಬಸ್ಸು ಹೋದ ಮೇಲೆ ಹನುಮಸಾಗರದ ಬಸ್ಸನ್ನು ಕರೆಯುವುದು, ಯಲಬುರ್ಗಾದ ನನ್ನ ಭಾವ ಫೋನಿನಲ್ಲಿ 'ಬಂದೆ, ಬಂದೆ' ಅನ್ನುತ್ತ ಮನೆಯಲ್ಲೇ ಊಟಕ್ಕೆ ಕೂತಿರುವುದು, ಇವೆಲ್ಲ ನನ್ನ ಬಳಿ ಇವೆ. ಇಲ್ಲದಿರುವುದು ನನ್ನ ಸ್ವಂತ ದನಿ ಒಂದೇ. ಊಟಕ್ಕೆ ಕೂತು ಉಪ್ಪು ಕೇಳಿದರೂ ಅವ್ವ, "ಇದ್ಯಾರ್ದಲೇ ದನಿ?" ಅನ್ನುತ್ತಾಳೆ.

ಈ ಅಂಗಡಿಯಲ್ಲಿ ಭಾಳ ಓಡುವ ಸರಕೆಂದರೆ ನಮ್ಮ ಸಾಹೇಬರು, ಅಂದರೆ ಸಂಸದರು. ಯಾವ ಪಕ್ಷ ಎಂದು ಕೇಳಬೇಡಿ. ವಿರೋಧ ಪಕ್ಷ ಎಂದರೆ ಸಾಕು. ಅವರು ಗೆದ್ದಾಗ ಅವರ ಪಕ್ಷ ಸೋತಿರುತ್ತದೆ, ಪಕ್ಷ ಗೆದ್ದಾಗ ಅವರು ಸೋತಿರುತ್ತಾರೆ. ಹೀಗಾಗಿ ಅವರ ಬದುಕೆಲ್ಲ ಎದುರಿನ ಸಾಲಿನಲ್ಲೇ ಕಳೆದಿದೆ. ಎದ್ದು ನಿಲ್ಲುತ್ತಾರೆ, ಕೆಮ್ಮುತ್ತಾರೆ, ಕನ್ನಡಕ ತೆಗೆದು ಶಲ್ಯದ ತುದಿಯಿಂದ ಒರೆಸುತ್ತಾರೆ. "ಮಾನ್ಯ ಅಧ್ಯಕ್ಷರೇ, ಏನಪಾ ಅಂದ್ರ..." ಎಂದು ಆರಂಭಿಸುವ ಹೊತ್ತಿಗೆ ಅವರಿಗೆ ಸಿಕ್ಕ ಎರಡು ಮೂರು ನಿಮಿಷದಲ್ಲಿ ಒಂದು ಕನ್ನಡಕಕ್ಕೇ ಹೋಗಿರುತ್ತದೆ. ಆಮೇಲೆ ಅವಸರ. ವಿಧವೆಯರ ಪಿಂಚಣಿ ತಿಂಗಳುಗಟ್ಟಲೆ ಬಾರದೆ ಇರುವುದು, ಅಂಗನವಾಡಿಯವರ ಗೌರವಧನ, ತುಂಗಭದ್ರೆಯ ಹೂಳು, ಗಂಗಾವತಿಯ ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟದ ನೀರು, ರೈಲ್ವೆ ಗೇಟಿನಲ್ಲಿ ನಿಂತೇ ಇರುವ ಆಂಬುಲೆನ್ಸು. ಎಲ್ಲ ಖರೆ ಮಾತು. ಆರನೆಯದಕ್ಕೆ ಬರುವಷ್ಟರಲ್ಲಿ ಮೈಕು ಬಂದ್. ಸಾಹೇಬರಿಗೆ ಅದು ತಿಳಿಯುವುದಿಲ್ಲ, ಅಥವಾ ತಿಳಿದೂ ಬಿಡುವುದಿಲ್ಲ. ಬಾಯಿ ಆಡುತ್ತಲೇ ಇರುತ್ತದೆ, ಬೆರಳು ಎಣಿಸುತ್ತಲೇ ಇರುತ್ತದೆ, ದನಿ ಮಾತ್ರ ಇಲ್ಲ.

ಇದೇ ನನ್ನ ಹೆಸರುವಾಸಿ ಐಟಂ. ವೇದಿಕೆಯ ಮೇಲೆ ದನಿಯಿಲ್ಲದೆ ಬಾಯಿ ಆಡಿಸುತ್ತ ಬೆರಳು ಮಡಚುತ್ತಿದ್ದರೆ ಜನ ಕುರ್ಚಿಯಿಂದ ಬೀಳುತ್ತಿದ್ದರು. ಮಿಮಿಕ್ರಿಯವನಿಗೆ ಗಂಟಲಿಗೆ ವಿಶ್ರಾಂತಿ ಕೊಟ್ಟು ಚಪ್ಪಾಳೆ ಗಿಟ್ಟಿಸುವ ಭಾಗ್ಯ ಎಷ್ಟು ಸಲ ಸಿಕ್ಕೀತು, ಹೇಳಿ?

ಈಗ ಹಂಪಮ್ಮ ಚಿಗವ್ವನ ಸುದ್ದಿಗೆ ಬರುತ್ತೇನೆ. ನಮ್ಮವ್ವನ ತಂಗಿ. ಗಿಣಿಗೇರಾದ ಆಚೆ, ಕಬ್ಬಿಣದ ಕಾರ್ಖಾನೆಯ ಚಿಮಣಿಗಳ ಮಗ್ಗುಲಿನ ಒಂದು ಊರಿನಲ್ಲಿ ಮನೆ. ಅಕ್ಕಿ ಸಂಡಿಗೆ ಮಾಡಿ ಮಾರುವುದು ಅವಳ ಜೀವನ. ಸಂಡಿಗೆಯ ಕೆಲಸ ನಿಮಗೆ ಗೊತ್ತಿರಬೇಕು: ನಸುಕಿನಲ್ಲಿ ಹಿಟ್ಟು ಕುದಿಸಿ, ಬಿಸಿ ಆರುವ ಮೊದಲೇ ಮಾಳಿಗೆಗೆ ಒಯ್ದು, ಹಳೆಯ ಸೀರೆಯ ಮೇಲೆ ಸೌಟಿನಿಂದ ಬಿಡಬೇಕು. ಕಾಗೆಯನ್ನು ಓಡಿಸಬಹುದು. ಆದರೆ ಆ ಊರಿನಲ್ಲಿ ಬಿಸಿಲಿನ ಜೊತೆಗೇ ಇಳಿಯುವ ಕರಿ ಧೂಳನ್ನು ಯಾವ ಕೋಲಿನಿಂದ ಓಡಿಸುವುದು? ಹಸಿ ಸಂಡಿಗೆಗೆ ಕೂತ ಧೂಳು ಅದರೊಂದಿಗೇ ಒಣಗುತ್ತದೆ. ಒರೆಸಿದರೆ ಹೋಗುವುದಿಲ್ಲ, ತೊಳೆದರೆ ಸಂಡಿಗೆಯೇ ಹೋಗುತ್ತದೆ. ಹಾಗೆಂದು ಚಿಮಣಿಯನ್ನು ಬೈಯುವುದೂ ಕಷ್ಟ, ಚಿಗಪ್ಪ ಅಲ್ಲೇ ಕೂಲಿಗೆ ಹೋಗುತ್ತಾನೆ. ಅದಕ್ಕೆ ಚಿಗವ್ವ ಒಂದು ದಾರಿ ಹುಡುಕಿದ್ದಳು. ಹಿಟ್ಟು, ಪಾತ್ರೆ, ಸೀರೆಗಳ ಗಂಟು ಕಟ್ಟಿಕೊಂಡು ಮೊದಲ ಬಸ್ಸಿಗೆ ಹಿಟ್ನಾಳಕ್ಕೆ ಬರುವುದು, ನಮ್ಮ ಒಲೆಯಲ್ಲಿ ಕುದಿಸಿ ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಬಿಡುವುದು. ಬೇಸಿಗೆಯುದ್ದಕ್ಕೂ ಇದೇ. ಮಂಡಿನೋವು ಅವಳಿಗೆ. ಮಾಳಿಗೆಯ ಮೆಟ್ಟಿಲು ಹತ್ತುವಾಗ ಅವಳು ಬಿಡುವ ಉಸಿರನ್ನು ನಾನು ಬಹಳ ಚೆನ್ನಾಗಿ ಅನುಕರಿಸುತ್ತೇನೆ. ಗಂಟು ಹೊತ್ತುಕೊಟ್ಟದ್ದು ಕಡಿಮೆ.

ಚುನಾವಣೆಯ ವೇಳೆ ಸಾಹೇಬರು ಚಿಗವ್ವನ ಮನೆಯಲ್ಲೇ ಊಟ ಮಾಡಿದ್ದರು. ಸಂಡಿಗೆಯನ್ನು ಕೈಯಲ್ಲಿ ಹಿಡಿದು, ಕನ್ನಡಕ ಒರೆಸಿ ನೋಡಿ, "ಏನ್ರಿ ತಾಯಿ, ಎಳ್ಳು ಹಾಕೀರೇನು?" ಎಂದು ಕೇಳಿದ್ದರು.

"ನಾವು ಹಾಕಿಲ್ರೀ ಸಾಹೇಬ್ರ, ಮ್ಯಾಲಿನವ್ರು ಹಾಕ್ತಾರ," ಎಂದು ಚಿಗವ್ವ ಚಿಮಣಿಯ ಕಡೆಗೆ ಗದ್ದ ಎತ್ತಿ ತೋರಿಸಿದಳಂತೆ.

"ಇದನ್ನ ದಿಲ್ಲಿಯೊಳಗ ಹೇಳ್ತೀನ್ರಿ ತಾಯಿ."

ಆ ಒಂದು ಮಾತಿಗೆ ಅವಳು ಕಾಯುತ್ತ ಕೂತಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಚ್ಚಲಿಗೆ ಸ್ನಾನಕ್ಕೆ ಮಾತ್ರ ಹೋಗುತ್ತಿದ್ದೆ. ಸಾಹೇಬರ ಮೈಕು ಬಂದಾದ ಒಂದು ವಿಡಿಯೊ ಸಿಕ್ಕಿತ್ತು. ಆಡುತ್ತಿರುವ ಆ ಬಾಯಿಗೆ ನನ್ನ ದನಿ ಕೂಡಿಸಿದೆ: "ಮಾನ್ಯ ಅಧ್ಯಕ್ಷರೇ, ಏನಪಾ ಅಂದ್ರ, ನಮ್ಮ ತಾಯಂದಿರು ಸಂಡಗಿ ಬಿಳಿ ಮಾಡ್ತಾರ, ನಿಮ್ಮ ಚಿಮಣಿ ಕರಿ ಮಾಡ್ತತಿ. ಮಂತ್ರಿಗಳು ಒಂದ್ ಸಂಡಗಿ ಕಡದು ನೋಡ್ಲಿ. ಹಲ್ಲು ಉಳದ್ರ ಉತ್ತರ ಕೊಡ್ಲಿ." ತುಟಿಗೆ ತುಟಿ ಕೂಡಿತು. ಕೆಮ್ಮನ್ನೂ ಬಿಡಲಿಲ್ಲ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಎಲ್ಲರೂ ನಗುತ್ತಾರೆಂದು ಮಲಗಿದೆ. ಅದು ಗುಂಪಿನಿಂದ ಗುಂಪಿಗೆ ಹಾರಿ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮುಟ್ಟಿತು. ಸಾಹೇಬರ ಯಾವ ಭಾಷಣವೂ ಅಷ್ಟು ದೂರ ನಡೆದಿರಲಿಲ್ಲ.

ಮರುದಿನದಿಂದ ಚಿಗವ್ವ ಹಿಟ್ನಾಳಕ್ಕೆ ಬರುವುದನ್ನೇ ನಿಲ್ಲಿಸಿದಳು. ಮೈಗೆ ಆರಾಮಿಲ್ಲವೇನೋ ಎಂದು ಅವ್ವ ಸುಮ್ಮನಿದ್ದಳು. ಕೆಲವು ದಿನ ಕಳೆದು ಚಿಗವ್ವನೇ ಬಂದಳು, ಗಂಟಿನೊಂದಿಗೆ. ಗಂಟಿನಲ್ಲಿ ಹಿಟ್ಟಿರಲಿಲ್ಲ, ಒಣಗಿದ ಸಂಡಿಗೆ ಇತ್ತು, ಕರಿ ಚುಕ್ಕೆಯದು. ಕೊಪ್ಪಳದ ಖಾನಾವಳಿಯವರು ಇಡೀ ಬೇಸಿಗೆಯ ಮಾಲು ತಮಗೇ ಬೇಕೆಂದಿದ್ದರು. ಮೊದಲ ಗಂಟು ಬಿಚ್ಚಿ ನೋಡಿ ಹಾಗೇ ವಾಪಸು ಕಳಿಸಿದ್ದರು, ಮುಂದಿನದೂ ಬೇಡವೆಂದಿದ್ದರು.

"ಇಲ್ಲಿ ಬಂದು ಯಾಕ ಹಾಕ್ಲಿಲ್ಲ?" ಅವ್ವ ಕೇಳಿದಳು.

"ನಮ್ಮ ಮಾಳಿಗಿ ಮ್ಯಾಗೇ ಹಾಕೀನಿ. ಇನ್ಯಾಕ ಇಷ್ಟು ದೂರ ಬರ್ಲಿ ಅಂತ. ದಿಲ್ಲಿಯೊಳಗ ಹೇಳ್ಯಾರಲ್ಲವ್ವ, ಸಾಹೇಬ್ರು? ನಾನ ಕಣ್ಣಾರೆ ನೋಡೀನಿ. ದೊಡ್ಡ ಸಭಾದಾಗ ಹೇಳಿದ ಮ್ಯಾಲೂ ಧೂಳು ಬಿಡ್ತಾರಂದ್ರ ಏನರ್ಥ?"

ನಗಬೇಡಿ. ನನಗೂ ಮೊದಲು ನಗೆ ಬಂದಿತ್ತು. ನಾವೆಲ್ಲ ಸಂಸತ್ತನ್ನು ಸಾಮಾಜಿಕ ಜಾಲತಾಣದ ಜಗಳದ ಹಾಗೆ ನೋಡುತ್ತೇವೆ. ಚಿಗವ್ವ ನೋಡಿದ್ದು ಊರ ಹಿರಿಯರು ಕೂತ ಕಟ್ಟೆಯ ಹಾಗೆ: ಅಲ್ಲಿ ಒಮ್ಮೆ ಆಡಿದರೆ ಮುಗಿಯಿತು, ಮಾತು ನಡೆಯಲೇಬೇಕು. "ಚಿಗವ್ವ, ಅದು ನಾನು," ಎಂದೆ. ಅವಳು ನಂಬಲಿಲ್ಲ. ಸಾಹೇಬರ ದನಿಯಲ್ಲಿ ಅಷ್ಟೂ ಆಡಿ ತೋರಿಸಿದೆ. ನನ್ನ ಜೀವಮಾನದಲ್ಲಿ ಒಬ್ಬರೂ ನಗದೆ ಕೇಳಿದ ಪ್ರದರ್ಶನಗಳಲ್ಲಿ ಅದು ಮೊದಲನೆಯದು.

"ಹೌದೇನು," ಎಂದಳು. ಗಂಟನ್ನು ಮತ್ತೆ ಕಟ್ಟಿ, "ನಡಿ, ಅವರನ್ನ ಕೇಳೋಣು," ಎಂದಳು.

ಕೊಪ್ಪಳದಲ್ಲಿ ಸಾಹೇಬರ ಕಚೇರಿಯೆಂದರೆ ಒಂದು ಟೇಬಲ್ಲು, ಒಂದು ಫ್ಯಾನು, ಕೂತ ಜನರಿಗಿಂತ ನಿಂತ ಜನ ಹೆಚ್ಚು. ಅವರ ಆಪ್ತ ಸಹಾಯಕ ನನ್ನನ್ನು ಗುರುತಿಸಿ ನಕ್ಕ. ಸಾಹೇಬರು ನಗಲಿಲ್ಲ. ವಿಡಿಯೊ ಅವರಿಗೂ ಮುಟ್ಟಿತ್ತು.

"ನಾ ಹೇಳಿಲ್ರೀ ತಾಯಿ," ಎಂದರು, ಚಿಗವ್ವನಿಗೆ. "ಹೇಳಬೇಕಂತ ಎದ್ದಿದ್ದೆ. ಪಿಂಚಣಿದು ಹೇಳ್ದೆ, ಗೇಟಿಂದು ಹೇಳ್ದೆ. ನಿಮ್ಮ ಸಂಡಗಿಗೆ ಬರೋದ್ರಾಗ ಮೈಕ್ ಹೋತು. ಖರೇ ಹೇಳ್ಬೇಕಂದ್ರ, ದನಿ ಇಲ್ದಂಗ ನಾ ಬಾಯಿ ಆಡಿಸ್ತಿದ್ದಾಗ ಸಂಡಗಿದ ಹೇಳಾಕತ್ತಿದ್ದೆ."

ಆಮೇಲೆ ನನ್ನ ಕಡೆ ತಿರುಗಿದರು. "ಮಾಡಪಾ ತಮ್ಮಾ, ಒಮ್ಮೆ. ಎದುರಾ ಎದುರು ಕೇಳೇ ಇಲ್ಲ."

ನಿಂತ ಜನರ ನಡುವೆ, ಅವರದೇ ಎದುರಿಗೆ, ಅವರದೇ ದನಿಯಲ್ಲಿ ಮಾಡಿದೆ. ಮುಗಿಸಿದಾಗ ಸಾಹೇಬರು ಸಹಾಯಕನ ಕಡೆ ತಿರುಗಿದರು.

"ನಾ ಇಷ್ಟ್ ಕೆಮ್ಮತೀನೇನು?"

"ಇನ್ನೂ ಜಾಸ್ತಿರೀ ಸಾಹೇಬ್ರ," ಎಂದ ಸಹಾಯಕ.

"ಎಷ್ಟೋ ಸಲ ಎದ್ದು ನಿಂತೀನಿ," ಎಂದರು ಸಾಹೇಬರು, ಯಾರಿಗೆ ಎಂದಿಲ್ಲದೆ. "'ಪರಿಶೀಲಿಸಲಾಗುವುದು' ಅಂತಾರ. ಅದಾ ಮಾತು, ಅದಾ ದನಿ. ನೀ ಬಚ್ಚಲದಾಗ ನಿಂತು ಆಡಿದ್ದು ನಾಕೂ ತಾಲೂಕು ಕೇಳ್ಯಾವು." ಕನ್ನಡಕ ತೆಗೆದರು, ಒರೆಸಿದರು. ಈ ಸಲ ನನಗೆ ಅದನ್ನು ನೋಡಲಾಗಲಿಲ್ಲ. "ಒಂದ್ ಹಿಡಿ ಸಂಡಗಿ ಕೊಟ್ಟು ಹೋಗ್ರಿ ತಾಯಿ. ಮುಂದಿನ ಅಧಿವೇಶನದಾಗ ಮೊದಲ ಇದನ್ನ ಹೇಳ್ತೀನಿ. ಉಳಿದದ್ದು ಆಮ್ಯಾಲೆ."

ಹೇಳಿದರು. ಮಳೆಗಾಲದ ಅಧಿವೇಶನದಲ್ಲಿ ಕೆಮ್ಮಿ, ಕನ್ನಡಕ ಒರೆಸಿ, ಪಿಂಚಣಿಗೂ ಗೇಟಿಗೂ ಮೊದಲು ಸಂಡಿಗೆಯ ಮಾತು ಆಡಿದರು. ಸಂಡಿಗೆಯನ್ನು ಒಳಗೆ ಒಯ್ಯಲು ಬಿಟ್ಟಿರಲಿಲ್ಲವಂತೆ, ಬರಿ ಕೈ ಎತ್ತಿ ತೋರಿಸಿದರು. ಆಚೆ ಸಾಲಿನಲ್ಲಿ ಯಾರೋ ನಕ್ಕರು. ಮಂತ್ರಿಗಳ ಉತ್ತರ ಬಂತು, ಪರಿಶೀಲಿಸಲಾಗುವುದೆಂದು. ಮೈಕು ಮಾತ್ರ ಕೊನೆತನಕ ಇತ್ತು. ಇಷ್ಟೆಲ್ಲ ಆದಮೇಲೆ ನಮ್ಮ ಜನ ಏನೆಂದರು ಗೊತ್ತೆ? ಆ ಭಾಷಣದ ವಿಡಿಯೊ ನೋಡಿ ಯಲಬುರ್ಗಾದ ಭಾವ ನನಗೆ ಫೋನ್ ಮಾಡಿದ: "ಲೇ, ಈ ಸಲ ಅಷ್ಟ್ ಛಲೋ ಬಂದಿಲ್ಲ ಬಿಡು. ಸಾಹೇಬ್ರ ದನಿ ಹಂಗ ಇರೂದಿಲ್ಲ." ಗುಂಪುಗಳಲ್ಲಿಯೂ ಅದೇ ಮಾತು. ಅದು ಖರೇನೇ ಸಾಹೇಬರು ಎಂದು ಸಿಕ್ಕವರಿಗೆಲ್ಲ ಹೇಳಿದೆ. ನಗುತ್ತಿದ್ದರು. ನನ್ನ ಸ್ವಂತ ದನಿಯಲ್ಲಿ ನಾನು ಆಡಿದ ಖರೆ ಮಾತು ಬಹುಶಃ ಅದೇ ಮೊದಲು. ಅದು ಜೋಕಾಗಿ ಹೋಯಿತು.

ಅಂದಿನಿಂದ ಆ ಐಟಂ ಬಿಟ್ಟಿದ್ದೇನೆ. ಜನ ಕೂಗುತ್ತಾರೆ, "ಸಾಹೇಬ್ರದು, ಸಾಹೇಬ್ರದು!" ಎಂದು. ಭಾವನ ಫೋನಿನ ಐಟಂ ಮಾಡಿ ಇಳಿಯುತ್ತೇನೆ. ದನಿಯಿಲ್ಲದೆ ಬಾಯಿ ಆಡಿಸಲು ಹೋದರೆ, ಆ ಬಾಯಿ ಏನನ್ನು ಹೇಳುತ್ತಿತ್ತು ಎಂಬುದು ನೆನಪಾಗುತ್ತದೆ. ಇಂಥದು ತಿಳಿದ ಮೇಲೆ ಮಿಮಿಕ್ರಿ ಮಾಡುವುದು ಬಲು ಆಯಾಸದ ಕೆಲಸ.

ಇವತ್ತು ಸಂಡಿಗೆಯ ಹರಳನ್ನು ಉಗುಳಿ ಬಾಯಿ ಮುಕ್ಕಳಿಸುವಾಗ ಮಾಳಿಗೆಯ ಮೆಟ್ಟಿಲ ಮೇಲೆ ಆ ಉಸಿರು ಕೇಳಿಸಿತು. ಚಿಗವ್ವ. ಈ ಬೇಸಿಗೆಯೂ ಮೊದಲ ಬಸ್ಸು, ಅದೇ ಗಂಟು. ಖಾನಾವಳಿ ಬಿಟ್ಟುಹೋದ ಮೇಲೆ ಮನೆಮನೆಗೆ ತಿರುಗಿ ಮಾರುತ್ತಾಳೆ. ಹಿಟ್ಟಿನ ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮೇಲೆ ಹೋದೆ. ಹಿಡಿ ಬಿಸಿಯಾಗಿತ್ತು. ಅವಳು ಇಷ್ಟು ವರ್ಷ ಬಟ್ಟೆ ಸುತ್ತಿ ಹಿಡಿಯುತ್ತಿದ್ದುದು ಯಾಕೆಂದು ಅರ್ಧ ಮೆಟ್ಟಿಲಿನಲ್ಲಿ ಗೊತ್ತಾಯಿತು.

ಜೇಬಿನಲ್ಲಿ ಫೋನು ಸದ್ದು ಮಾಡಿತು. ಸಾಹೇಬರ ಸಹಾಯಕ ವಿಡಿಯೊ ಕಳಿಸಿದ್ದ: ನಿನ್ನೆ ದಿಲ್ಲಿಯಲ್ಲಿ ಸಾಹೇಬರು ಮತ್ತೆ ಎದ್ದಿದ್ದಾರೆ, ಮತ್ತೆ ಸಂಡಿಗೆ. ಚಿಗವ್ವನ ಮುಂದೆ ಹಿಡಿದೆ. ಕೈ ಒರೆಸಿಕೊಂಡು, ಬಿಸಿಲಿಗೆ ಸೆರಗು ಅಡ್ಡ ಮಾಡಿ, ಕೆಮ್ಮಿನಿಂದ ಹಿಡಿದು ಮಂತ್ರಿಗಳ 'ಪರಿಶೀಲಿಸಲಾಗುವುದು' ತನಕ ಎಲ್ಲವನ್ನೂ ನೋಡಿದಳು.

"ಚಿಗವ್ವ, ಇದು ನಾ ಅಲ್ಲ. ನನ್ನಾಣಿ. ಖರೇನ ಅವರ ಮಾತಾಡ್ಯಾರ."

ಅವಳು ಸೀರೆ ಕೊಡವಿ ಒಂದು ತುದಿಯನ್ನು ನನ್ನ ಕಡೆ ಎಸೆದಳು.

"ಅವರ ಮಾತಾಡ್ಲಿ, ನೀನ ಮಾತಾಡು, ನಮ್ಮೂರಾಗ ಧೂಳಂತೂ ಬೀಳ್ತತಿ. ನೀ ಆಡಿದಾಗ ನಾಕ್ ದಿನ ನಮ್ಮ ಮಾಳಿಗಿ ಮ್ಯಾಗರೆ ಸಂಡಗಿ ಹಾಕಿದ್ದೆ. ಈಗ ಬಾಯಿ ಮುಚ್ಚಿ ಆ ತುದಿ ಹಿಡಿ, ಹಿಟ್ಟು ಆರ್ತತಿ."