ಡಾಕ್ಟರ್ ಹೇಳಿದ ಐಬು

ಬಲಭುಜದೊಳಗಿನ ಸ್ನಾಯು ಹರಿದು, ಕೀಲು ಸವೆದು ಎರಡು ವರ್ಷವಾಗಿತ್ತು. ನೋವನ್ನು ಹೇಗೋ ತಡೆಯುತ್ತಿದ್ದೆ. ಆದರೆ ನಾನು ಇವತ್ತಿಗೂ ಕಚ್ಚೆ ಸೀರೆಯವಳು. ಕಚ್ಚೆಯ ತುದಿಯನ್ನು ಬೆನ್ನ ಹಿಂದೆ ಸಿಕ್ಕಿಸಲು ಎಡಗೈ ಒಂದೇ ಸಾಲದೆ ದಿನಾ ಬೆಳಿಗ್ಗೆ ಸೊಸೆಯನ್ನು ಕರೆಯಬೇಕಾಗಿತ್ತು. ಅವಳು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನನಗೇ ನಾಚಿಕೆ. ನನ್ನ ಸೀರೆ ನಾನೇ ಉಡುವಂತಾದರೆ ಸಾಕೆಂದು ಅವಳನ್ನು ಕರೆದುಕೊಂಡು ನಮ್ಮೂರು ಬೇಡಗದಿಂದ ಆಸ್ಪತ್ರೆ ಅಲೆಯಲು ಹೊರಟೆ.

ಭುಜದ ಕೀಲನ್ನು ಉಲ್ಟಾ ಮಾಡಿ ಕೂರಿಸುವ ಆಪರೇಶನ್ ಇದೆಯೆಂದು ಮಗ ಮೊಬೈಲಿನಲ್ಲಿ ಓದಿ ಹೇಳಿದ್ದ. ಮಿರಜದ ರಿಕ್ಷಾದವನು ಕೇಳದೆಯೇ ಒಂದು ಆಸ್ಪತ್ರೆಯ ಹೆಸರು ಹೇಳಿದ. ಇವನಿಗೆ ಅಲ್ಲಿ ಕಮಿಷನ್ ಸಿಗುತ್ತದೆಂದು ಆ ಕಡೆ ತಲೆ ಹಾಕಲಿಲ್ಲ. ಸಾಂಗಲಿಯ ಡಾಕ್ಟರು, "ಎಲ್ಲಾ ಮೊದಲಿನಂಗ ಆಗತೈತ್ರಿ" ಅಂದರು. ಇಂಥ ಆಪರೇಶನ್ ಎಷ್ಟು ಮಾಡಿದ್ದೀರಿ ಎಂದು ಕೇಳಿದರೆ ಮೊಣಕಾಲುಗಳ ಕಥೆ ಶುರು ಮಾಡಿದರು. ಭುಜ ಕೇಳಿದರೆ ಮೊಣಕಾಲು ತೋರಿಸುವವರ ಸಹವಾಸ ಬೇಡವೆಂದು ಎದ್ದು ಬಂದೆ.

ಕೊನೆಗೆ ಮಿರಜದಲ್ಲೇ ಇನ್ನೊಬ್ಬರು ಸಿಕ್ಕರು. ಕೇಳಿದ ತಕ್ಷಣ ತಾವು ಮಾಡಿದ ಭುಜಗಳ ಲೆಕ್ಕ ಹೇಳಿದರು. ಪ್ಲಾಸ್ಟಿಕ್ ಎಲುಬು ಹಿಡಿದು, ತೋಳಿನ ತುದಿಯ ಗುಂಡು ಭುಜದ ಕಡೆಗೆ, ಅಲ್ಲಿನ ಬಟ್ಟಲು ತೋಳಿಗೆ ಬರುತ್ತದೆಂದು ತೋರಿಸಿದರು. ಆರು ವಾರ ಕೈ ಜೋಳಿಗೆಯಲ್ಲಿ. ಕುರ್ಚಿಗೆ ಆ ಕೈ ಊರಿ ಏಳುವಂತಿಲ್ಲ. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ.

"ಕಚ್ಚಿ ಹಾಕಾಕ ಬರತೈತೇನ್ರಿ?" ಎಂದೆ.

"ಆಜಿ, ಬ್ಯಾನಿ ಕಮ್ಮಿ ಆಗತೈತಿ, ಕೈ ತಲಿತನಾ ಏರತೈತಿ. ಬೆನ್ನ ಹಿಂದ ಹೋಗೂದು ಮಾತ್ರ ಕಠೀಣ. ನಾ ಮಾತ ಕೊಡಂಗಿಲ್ರಿ" ಅಂದರು.

ಹೊರಗೆ ಬಂದ ಮೇಲೆ ಸೊಸೆ, "ಖರೆ ಹೇಳ್ಯಾರ್ರಿ ಅತ್ತಿ, ಇವರ ಕಡೆನ ಮಾಡಸೂಣ್ರಿ" ಅಂದಳು.

ನನ್ನ ತಲೆ ಬೇರೆ ಕಡೆ ಓಡಿತು. ಕುರಿ ಮಾರಿ ಬಾಳಿದವರು ನಾವು. ಒಳ್ಳೆಯ ಕುರಿ ಮಾರುವಾಗಲೂ ಅದಕ್ಕಿಲ್ಲದ ಒಂದು ಸಣ್ಣ ಐಬನ್ನು ನಾವೇ ಹೇಳುತ್ತೇವೆ. ಗಿರಾಕಿ ಅದನ್ನು ನಂಬಿದರೆ ಉಳಿದದ್ದನ್ನೂ ನಂಬುತ್ತಾನೆ. ನನ್ನ ಮಾವ ಕಲಿಸಿದ ವಿದ್ಯೆ ಅದು. ಈ ಡಾಕ್ಟರೂ ಅದೇ ಆಟ ಆಡುತ್ತಿದ್ದಾರೆ, ಕೈ ಹಿಂದೆ ಹೋಗಿಯೇ ಹೋಗುತ್ತದೆ ಎಂದುಕೊಂಡು ಒಳಗೊಳಗೇ ನಕ್ಕು, ಒಪ್ಪಿಗೆಯ ಕಾಗದಕ್ಕೆ ಎಡಗೈಯಲ್ಲಿ ಸಹಿ ಹಾಕಿದೆ.

ಅವರು ಹೇಳಿದಂತೆಯೇ ಆಯಿತು. ನೋವು ಹೋಯಿತು. ನಾಲ್ಕನೇ ತಿಂಗಳಿಗೆ ನಾನೇ ತಲೆ ಬಾಚಿಕೊಂಡೆ. ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಸೊಸೆಯನ್ನು ಕರೆಯದೆ ಬಾಗಿಲು ಹಾಕಿಕೊಂಡು, ಕಚ್ಚೆಯ ತುದಿ ಹಿಡಿದು ಕೈಯನ್ನು ಹಿಂದಕ್ಕೆ ಒಯ್ದೆ. ಸೊಂಟದ ಪಕ್ಕಕ್ಕೆ ಬಂದು ನಿಂತಿತು. ಮತ್ತೆ ಒಯ್ದೆ. ಅಲ್ಲೇ ನಿಂತಿತು.

ಅತ್ತುಬಿಟ್ಟೆ. ಅಷ್ಟು ಜನರಲ್ಲಿ ನಿಜ ಹೇಳಿದವರು ಅವರೊಬ್ಬರೇ, ಅವರ ಮಾತಿನಲ್ಲಿ ನಾನು ನಂಬದೆ ಬಿಟ್ಟದ್ದು ಅದೊಂದನ್ನೇ. ಕಣ್ಣೊರೆಸಿಕೊಂಡು ಬಾಗಿಲು ತೆಗೆದೆ. ಸೊಸೆ ಹೊರಗೇ ನಿಂತಿದ್ದಳು.