ಐದು ತಲೆ, ಆರು ಮೇಜು

ನನ್ನ ಗೆಳತಿ ತೀರಿಕೊಂಡು ಮೂರು ತಿಂಗಳಾಯಿತು. ಅವಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವಳ ಮನೆ. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಗಳ ಸಾಲಿನಲ್ಲಿ ಎರಡು, ಕಿಟಕಿಯ ಕಟ್ಟೆಯ ಮೇಲೆ ಒಂದು, ಮಂಚದಡಿ ಎರಡು, ಹೀಗೆ ಹಳೆಯ ಹೊಲಿಗೆ ಮಿಷನ್ನಿನ ಐದು ತಲೆಗಳು ಅಲ್ಲಿ ಕೂತಿರುತ್ತಿದ್ದವು. ತಲೆ ಎಂದರೆ ಸೂಜಿ, ಕೈಚಕ್ರ ಇರುವ ಮೇಲಿನ ಭಾಗ. ಅದನ್ನು ಹೊರುವ ಕಬ್ಬಿಣದ ಸ್ಟ್ಯಾಂಡು, ದೊಡ್ಡ ಚಕ್ರ, ತುಳಿಯುವ ಪೆಡಲು, ಇಷ್ಟಕ್ಕೂ ಸೇರಿ ಅವಳು ಕಾಲು ಎನ್ನುತ್ತಿದ್ದಳು. ಐದರಲ್ಲಿ ಒಂದಕ್ಕೂ ಕಾಲಿರಲಿಲ್ಲ.

"ಕಾಲಿಗೆ ಗಿರಾಕಿ ಇದ್ದಾರೆ, ತಲೆ ಮಾತ್ರ ಗುಜರಿಗೆ. ಎಲ್ಲಾ ಕಡೆ ಹಂಗೇ ಅಲ್ವೇನೇ?" ಎಂದು ನಗುತ್ತಿದ್ದಳು. ಮಾತು ನಿಜ. ಚಂದದ ಸ್ಟ್ಯಾಂಡು ಸಿಕ್ಕರೆ ಜನ ಅದರ ಮೇಲೆ ಗಾಜು ಹಾಕಿ ಮೇಜು ಮಾಡುತ್ತಾರೆ, ತಲೆಯನ್ನು ತೂಕಕ್ಕೆ ಹಾಕುತ್ತಾರೆ. ಇವಳು ಗುಜರಿ ಅಂಗಡಿಯಿಂದ ಆ ತಲೆಗಳನ್ನು ಹೊತ್ತು ತರುತ್ತಿದ್ದಳು.

ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಸೀಟಿನ ಹೊದಿಕೆ ಹೊಲಿದವಳು ಅವಳು. ಮೈಯಿಂದ ಸದಾ ಮಿಷನ್ ಎಣ್ಣೆಯ ವಾಸನೆ ಬರುತ್ತಿದ್ದುದರಿಂದ ಡಿಪೋದವರು ಎಣ್ಣೆಯಕ್ಕ ಎಂದು ಕರೆದರು. ಬೀದಿಯಲ್ಲೂ ಅದೇ ಹೆಸರು ನಿಂತಿತು. ಮದುವೆಯಾಗಲಿಲ್ಲ. ಬಡಗಿ ಕೆಲಸದ ತಮ್ಮ, ಅವನ ಹೆಂಡತಿ, ಇವರ ಜೊತೆ ಇದ್ದಳು. ನಾನು ಅವಳ ಜೊತೆ ಶಾಲೆಗೆ ಹೋದವಳು. ಆಮೇಲೆ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ್ದಕ್ಕೆ ಅವಳ ಬಾಯಲ್ಲಿ ನಾನು ಪುಸ್ತಕದ ಹುಳ, ಕೊನೆಯವರೆಗೂ ಬರೀ 'ಹುಳ'.

ಗುಜರಿಯಿಂದ ಬಂದ ತಲೆ ಸಾಮಾನ್ಯವಾಗಿ ಅಲುಗಾಡುತ್ತಿರಲಿಲ್ಲ. ಒಳಗಿನ ಹಳೆಯ ಎಣ್ಣೆ ಒಣಗಿ ಅಂಟಾಗಿರುತ್ತಿತ್ತು. ಅವಳು ಸೀಮೆಎಣ್ಣೆ ಹನಿಸಿ ಬಟ್ಟೆ ಹೊದಿಸಿ ಬಿಡುವಳು. ದಿನಕ್ಕೊಮ್ಮೆ ಕೈಚಕ್ರ ಹಿಡಿದು ಮೆಲ್ಲಗೆ ಒತ್ತಿ ನೋಡುವಳು. ಒಂದು ತಲೆ ಹದಿನೇಳು ದಿನ ಹಟ ಹಿಡಿದಿತ್ತು. ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಬಿಡುತ್ತದೆ ಎಂದು ತಮ್ಮ ಹೇಳಿದ್ದಕ್ಕೆ, "ನಿನ್ನ ಮರ ಅಲ್ಲ ಕಣೋ ಇದು. ಮುನಿಸಿಕೊಂಡೋರನ್ನ ಹೊಡೆದು ಮಾತಾಡಿಸ್ತಾರಾ?" ಎಂದಳು. ಹದಿನೆಂಟನೆಯ ದಿನ ಸೂಜಿ ಕೂದಲೆಳೆಯಷ್ಟು ಕೆಳಗಿಳಿಯಿತು. ಅಂದು ಅವಳು ನನ್ನ ಮನೆಗೆ ಓಡಿ ಬಂದಿದ್ದಳು, ಚಪ್ಪಲಿಯನ್ನೂ ಹಾಕಿಕೊಳ್ಳದೆ.

ಮುಂದಿನ ಕೋಣೆಯಲ್ಲಿ ತಲೆ, ಕಾಲು ಎರಡೂ ಇದ್ದ ಒಂದೇ ಒಂದು ಮಿಷನ್ನಿತ್ತು. ಅದರ ಮೇಲೆ ಐವರು ಹೆಂಗಸರು ಸರದಿಯಲ್ಲಿ ಹೊಲಿಗೆ ಕಲಿತರು. ಆಸ್ಪತ್ರೆಯ ಆಯಾ ಒಬ್ಬಳು, ಇಸ್ತ್ರಿ ಮಾಡುವವಳು ಒಬ್ಬಳು, ಉಳಿದ ಮೂವರು ಅದೇ ಬೀದಿಯವರು. ಕಲಿತು ಮುಗಿಸಿ ಮನೆಗೆ ಹೋದರೆ ಅಲ್ಲಿ ತುಳಿಯಲು ಏನಿದೆ? "ಈಜು ಕಲಿಸಿ ನೀರಿಲ್ಲದ ಊರಿಗೆ ಮದುವೆ ಮಾಡಿಕೊಟ್ಟ ಹಂಗಾಯ್ತು," ಎಂದು ಕೊರಗುತ್ತಿದ್ದಳು. ಐವರಿಗೂ ಒಂದೊಂದು ಮಿಷನ್ ಕೊಡುವುದಾಗಿ ಮಾತು ಕೊಟ್ಟುಬಿಟ್ಟಿದ್ದಳು.

ಅಷ್ಟರಲ್ಲಿ ಹೊಟ್ಟೆನೋವು ಶುರುವಾಯಿತು. ಪರೀಕ್ಷೆಗಳಾದವು. ಹೆಚ್ಚೆಂದರೆ ಆರು ತಿಂಗಳು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ನಾನು ಅಳುತ್ತಿದ್ದೆ.

"ಸುಮ್ನಿರೇ ಹುಳ. ನಾನು ಹೋದ ಮಾರನೇ ವಾರ ಆ ತಲೆಗಳು ಗುಜರಿಗೆ ಹೋಗ್ತವೆ. ತಮ್ಮ ಕೆಟ್ಟೋನಲ್ಲ, ಮನೆ ಸಣ್ಣದು. ಐದು ಕಾಲು ಹುಡುಕಬೇಕು. ನೀನು ಅಳ್ತಾ ಕೂತ್ರೆ ನನ್ನ ಜೊತೆ ಯಾರು ಬರ್ತಾರೆ?"

ಅವಳನ್ನು ಸ್ವಲ್ಪ ಕೂರಿಸಬೇಕೆಂದು ಎದುರಿಗಿದ್ದ ಹೊಸ ಕಾಫಿ ಅಂಗಡಿಗೆ ಕರೆದೊಯ್ದೆ. ಕೂತ ಮರುಗಳಿಗೆ ಅವಳ ಮುಖ ಬದಲಾಯಿತು. ನೋವೇ ಎಂದು ಕೇಳಿದೆ. ಅವಳು ಮೇಜಿನಡಿ ಬಗ್ಗಿ, ಆಮೇಲೆ ನೆಲದ ಮೇಲೆ ಕೂತೇಬಿಟ್ಟಳು. ಆ ಅಂಗಡಿಯ ಆರೂ ಮೇಜುಗಳು ಗಾಜು ಹಾಕಿದ ಮಿಷನ್ ಸ್ಟ್ಯಾಂಡುಗಳು. ಆರರ ಪೆಡಲನ್ನೂ ತಂತಿಯಿಂದ ಬಿಗಿದು ಕಟ್ಟಿದ್ದರು.

ಮಾಲೀಕ ಓಡಿ ಬಂದ. ನಲವತ್ತರ ಆಸುಪಾಸಿನವನು, ಇಸ್ತ್ರಿ ಕೆಡದ ಅಂಗಿ. "ಅಮ್ಮಾ, ಏನಾಯ್ತು? ಬಿದ್ರಾ?"

"ಬಿದ್ದಿಲ್ಲಪ್ಪಾ. ಈ ಪಾಪದವುಗಳ ಕಾಲು ಕಟ್ಟಿದ್ದು ಯಾರು?"

"ನಾನೇ. ಕೂತೋರೆಲ್ಲ ತುಳೀತಾರಮ್ಮ, ಮೇಜು ಅದುರಿ ಕಾಫಿ ಚೆಲ್ಲುತ್ತೆ."

"ತುಳಿಯೋಕೆ ಮಾಡಿರೋದನ್ನ ತುಳೀದೆ ಇನ್ನೇನು, ಪೂಜೆ ಮಾಡ್ತಾರಾ?" ಮೊಣಕಾಲಲ್ಲೇ ಸರಿಯುತ್ತ ಆರನ್ನೂ ನೋಡಿದಳು. ಒಂದಕ್ಕೆ ದೊಡ್ಡ ಚಕ್ರವೇ ಇರಲಿಲ್ಲ. ಉಳಿದ ಐದು ಗಟ್ಟಿಮುಟ್ಟು. "ಈ ಐದು ನನಗೆ ಕೊಡು. ಬದಲಿಗೆ ಮರದ ಮೇಜು ಮಾಡಿಸಿಕೊಡ್ತೀನಿ. ನನ್ನ ತಮ್ಮ ಬಡಗಿ."

ಅವನು ನಕ್ಕ. "ಜನ ಇಲ್ಲಿ ಬರೋದೇ ಇವುಗಳ ಜೊತೆ ಫೋಟೋ ತೆಗೆಸ್ಕೊಳ್ಳೋಕೆ, ಆಂಟಿ. ಮರದ ಮೇಜು ಎಲ್ಲಾ ಕಡೆ ಇದೆ."

ಅವಳು ವಾದ ಮಾಡಲಿಲ್ಲ. ಹೊರಡುವಾಗ ಕುರ್ಚಿಗಳ ಕಡೆ ಕೈ ತೋರಿಸಿದಳು. ಸೀಟಿನ ರೆಕ್ಸಿನ್ ಹರಿದು ಸ್ಪಂಜು ಇಣುಕುತ್ತಿತ್ತು. "ಫೋಟೋದಲ್ಲಿ ಇದೂ ಬೀಳುತ್ತಲ್ಲಪ್ಪ?"

ಮನೆಗೆ ಬಂದವಳೇ ತಮ್ಮನಿಗೆ, ತಲೆ ಕೂರುವಷ್ಟು ಕಂಡಿ ಬಿಟ್ಟು ಒಂದು ಹಲಗೆ ಕೊಯ್ದು ಕೊಡಲು ಹೇಳಿದಳು. "ಇದೊಂದೇ ಕಣಕ್ಕಾ," ಎಂದು ಅವನು ಗೊಣಗಿದ. ಅವನ ಹೆಂಡತಿ ಒಳಗಿಂದ, "ಅತ್ತಿಗೆ, ಮಂಚದಡಿದು ತಗೊಂಡು ಹೋಗಿ, ಗುಡಿಸೋಕೆ ಜಾಗ ಆಗುತ್ತೆ," ಎಂದು ಕೂಗಿದಳು. ಮರುದಿನ ಮಧ್ಯಾಹ್ನ ಅಂಗಡಿ ಖಾಲಿ ಇರುವ ಹೊತ್ತಿಗೆ ನಾನೂ ಅವಳೂ ತಲೆ, ಹಲಗೆ, ಚರ್ಮದ ಬೆಲ್ಟು, ಒಂದಿಷ್ಟು ರೆಕ್ಸಿನ್ ಹೊತ್ತು ಹೋದೆವು. ಹತ್ತೇ ನಿಮಿಷ ಒಂದು ಮೇಜು ಕೊಡಪ್ಪಾ ಎಂದಳು. ಬೇಡ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಗಾಜು ಎತ್ತಿದೆವು. ಅವಳು ತಂತಿ ಬಿಚ್ಚಿದಳು, ಹಲಗೆ, ತಲೆ ಕೂರಿಸಿದಳು, ಬೆಲ್ಟು ಹಾಕಿದಳು, ತುಳಿದಳು. ಒಂದು ಕುರ್ಚಿಯ ಹೊದಿಕೆ ಸಿದ್ಧವಾಯಿತು. ಬಸ್ಸಿನ ಸೀಟಿಗೆ ಹಾಕುವ ಜೋಡಿ ಹೊಲಿಗೆ.

ಮಾಲೀಕ ಅದರ ಮೇಲೆ ಎರಡು ಸಲ ಕೂತು ಎದ್ದ. "ಇಪ್ಪತ್ನಾಲ್ಕು ಕುರ್ಚಿ ಇದಾವಲ್ಲಮ್ಮಾ," ಎಂದ.

"ಇಪ್ಪತ್ನಾಲ್ಕೂ ಹೊಲಿದು ಕೊಡ್ತೀನಿ, ಇಲ್ಲೇ ಕೂತು. ಐದು ಮರದ ಮೇಜೂ ಬರ್ತವೆ. ಕೆಲಸ ಮುಗಿದ ದಿನ ಐದು ಕಾಲು ನಂದು."

ಅವನು ಒಪ್ಪಿದ. ನಾಲ್ಕು ಕುರ್ಚಿ ಮುಗಿಯುವಷ್ಟರಲ್ಲಿ ಅವಳ ಪಾದ ಊದಿಕೊಂಡಿತು. ಆಗ ಐವರನ್ನೂ ಕರೆಸಿದಳು. ಅವಳು ಪಕ್ಕದ ಕುರ್ಚಿಯಲ್ಲಿ ದಿಂಬಿಗೆ ಒರಗಿ ಕೂರುವಳು, ಅವರು ಸರದಿಯಲ್ಲಿ ತುಳಿಯುವರು, ನಾನು ದಾರ ಕತ್ತರಿಸುವೆ. ಆಯಾ ಮೊದಲ ದಿನ ಅಷ್ಟು ಜನರನ್ನು ಕಂಡು ಗಾಬರಿಬಿದ್ದು ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ದಾರ ಗಂಟಾಗಿ ಪಟ್ಟೆಂದು ಕಿತ್ತಿತು.

"ಅಯ್ಯೋ ಅಕ್ಕಾ, ಮರ್ಯಾದೆ ಹೋಯ್ತು!"

"ದಾರ ಹೋಯ್ತು ಅಷ್ಟೇ. ಮರ್ಯಾದೆ ಆ ಪೆಟ್ಟಿಗೇಲಿ ಇನ್ನೂ ಹನ್ನೆರಡು ರೀಲಿದೆ. ಹಾಕು."

ಕಾಫಿ ಕುಡಿಯಲು ಬಂದವರು ಲೋಟ ಹಿಡಿದು ಸುತ್ತ ನಿಲ್ಲತೊಡಗಿದರು. ಯಾರೋ ಚೀಲದ ಹಿಡಿ ಕಿತ್ತಿದೆ ಎಂದು ಕೊಟ್ಟರು, ಯಾರೋ ಪ್ಯಾಂಟಿನ ಜೇಬು. ಮೂರನೆಯ ವಾರಕ್ಕೆ ಅಂಗಡಿಯಲ್ಲಿ ಮಧ್ಯಾಹ್ನವೂ ಕೂರಲು ಜಾಗವಿಲ್ಲ. ನನಗೆ ಅದು ಖುಷಿ ಕೊಟ್ಟಿತ್ತು. ಅದೇ ನಮಗೆ ತಿರುಗುಬಾಣವಾಗುತ್ತದೆಂದು ಹೊಳೆದಿರಲಿಲ್ಲ. ಇಪ್ಪತ್ನಾಲ್ಕನೆಯ ಕುರ್ಚಿ ಮುಗಿದ ದಿನ ಮಾಲೀಕ ಕೈಕೈ ಹಿಸುಕಿಕೊಳ್ಳುತ್ತ ಬಂದ.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಸ್ಟ್ಯಾಂಡ್ ಕೊಡೋಕಾಗಲ್ಲ. ಈ ಟಕಟಕ ಶಬ್ದ ನಿಂತ್ರೆ ನನ್ನ ಅಂಗಡಿಗೆ ಯಾರು ಬರ್ತಾರೆ? ಎಲ್ರೂ ಇಲ್ಲೇ ಬಂದು ಹೊಲೀಲಿ. ನಾನು ಬೇಡ ಅನ್ನಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಮಾತು ಅಂದ್ರೆ ಮಾತಲ್ವೇನ್ರೀ?" ಎಂದು ಎದ್ದೇಬಿಟ್ಟೆ. ತಮ್ಮ ಮಾಡಿದ ಐದು ಮೇಜು ಹೊರಗೆ ಗಾಡಿಯಲ್ಲಿದ್ದವು. ನಿಂತರೆ ಕಾಲು ನಡುಗುವ ಸ್ಥಿತಿ ಅವಳದು, ಇನ್ನೊಂದು ಅಂಗಡಿ ಹುಡುಕುವಷ್ಟು ದಿನಗಳಿರಲಿಲ್ಲ.

ಅವಳು ನನ್ನ ಸೆರಗು ಹಿಡಿದು ಕೂರಿಸಿದಳು. ಆಯಾಳ ಕಡೆ ತಿರುಗಿದಳು. "ನಿನ್ನ ಮನೇಲಿ ಮಿಷನ್ ಎಲ್ಲಿಡ್ತೀಯೇ?"

"ಅದನ್ನೇ ಯೋಚಿಸ್ತಿದ್ದೆ ಅಕ್ಕಾ. ಒಂದೇ ಕೋಣೆ, ನಾಲ್ಕು ಜನ. ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ಇಲ್ಲಿ ಕೂತು ಹೊಲೀತೀಯಾ? ಡ್ಯೂಟಿ ಮುಗಿಸಿ, ಎದುರುಗಡೇನೇ ಅಲ್ವಾ?"

ಆಯಾ ಮಾಲೀಕನ ಮುಖ ನೋಡಿದಳು. "ನನ್ನ ಹೊಲಿಗೆ, ನನ್ನ ಗಿರಾಕಿ. ಹಂಗಾದ್ರೆ ಕೂರ್ತೀನಿ," ಎಂದಳು. ಇಷ್ಟು ದಿನ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಕೇಳಿದೆಯಲ್ಲಪ್ಪಾ," ಎಂದಳು ಎಣ್ಣೆಯಕ್ಕ. "ಶಬ್ದ ನಿಂಗೆ ಇರುತ್ತೆ. ಒಂದು ಕಾಲು ಇಲ್ಲಿರಲಿ, ತಲೆ ನಾನು ಕೊಡ್ತೀನಿ, ಅದು ಇವಳದು. ಉಳಿದ ನಾಲ್ಕು ಬಿಡು. ಸತ್ತ ಮೇಜು ಐದಕ್ಕಿಂತ ಬದುಕಿರೋದು ಒಂದು ವಾಸಿ."

ಅವನು ತುಂಬ ಹೊತ್ತು ತಲೆ ಕೆರೆದುಕೊಂಡ. ಕೊನೆಗೆ, "ಒಂದು ಮೇಜು ಜಾಸ್ತಿ ಬಂತಲ್ಲಮ್ಮ, ಅದನ್ನ ಏನ್ ಮಾಡ್ಲಿ?" ಎಂದ. "ಇಟ್ಕೊಳ್ಳೋ, ಗಿರಾಕಿ ಜಾಸ್ತಿ ಆಗ್ತಾರೆ," ಎಂದು ತಮ್ಮನೇ ಹೊರಗಿಂದ ಕೂಗಿದ. ಗಾಡಿಯಿಂದ ಮೇಜು ಇಳಿಸಲು ಅವನಿಗೆ ಆಗಲೇ ಕೈ ತುರಿಸುತ್ತಿತ್ತು.

ಮುಂದಿನ ಹತ್ತು ದಿನಗಳಲ್ಲಿ ಬೀದಿಯ ಮೂವರ ಮನೆಗೆ ಮೂರು ಮಿಷನ್ ಹೋದವು. ಅವಳು ಮಂಚದಲ್ಲೇ ಮಲಗಿ, ಪ್ರತಿ ಸಲ ತಮ್ಮ ಬಂದಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ತುಳಿದು ನೋಡಿದ್ಯಾ?" ಹಲಗೆಗಳನ್ನು ಅವನು ಯಾರೂ ಹೇಳದೆಯೇ ಕೊಯ್ದಿದ್ದ, ಅಂಚುಗಳನ್ನು ಸೀರೆ ಸಿಕ್ಕಿಕೊಳ್ಳದಂತೆ ನಯ ಮಾಡಿದ್ದ. ನಾಲ್ಕನೆಯದರ ಹಲಗೆಗೆ ಹಚ್ಚಿದ ಮೆರುಗು ಒಣಗುತ್ತಿರುವಾಗ ಒಂದು ಬೆಳಿಗ್ಗೆ ಅವಳು ಏಳಲಿಲ್ಲ.

ಆ ದಿನಗಳ ಬಗ್ಗೆ ನನಗೆ ಹೆಚ್ಚು ಬರೆಯಲು ಆಗುವುದಿಲ್ಲ.

ಹದಿನೈದು ದಿನ ಕಳೆದ ಮೇಲೆ ತಮ್ಮ ನನ್ನ ಬಾಗಿಲಿಗೆ ಬಂದು, "ಹುಳಕ್ಕಾ, ಇಸ್ತ್ರಿಯವಳದು ಉಳಿದಿದೆ," ಎಂದ. ಅವಳಿರುವುದು ಮೂರನೆಯ ಮಹಡಿ. ಅವನು ಕಾಲು ಹೊತ್ತ, ಅವನ ಹೆಂಡತಿ ಹಲಗೆ ಹಿಡಿದಳು, ನಾನು ತಲೆಯನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲು ಮೆಟ್ಟಿಲಿಗೆ ನಿಂತು ಉಸಿರು ಬಿಟ್ಟೆ. ಇಸ್ತ್ರಿಯವಳ ಅತ್ತೆ ಕಿಟಕಿಯ ಹತ್ತಿರದ ತನ್ನ ಮಂಚವನ್ನೇ ಬಾಗಿಲ ಪಕ್ಕದ ಗೋಡೆಗೆ ಸರಿಸಿ ಬೆಳಕಿನ ಜಾಗ ಖಾಲಿ ಮಾಡಿಟ್ಟಿದ್ದಳು. ಮಂಚ ಸರಿದದ್ದರಿಂದ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ನಾವು ಸ್ಟ್ಯಾಂಡನ್ನು ಓರೆ ಮಾಡಿ, ತಿರುಗಿಸಿ, ಹೇಗೋ ಒಳಗೆ ತೂರಿಸಿದೆವು.

"ಅತ್ತೇ, ಇನ್ನು ಬಾಗಿಲು ಪೂರ್ತಿ ತೆಗೆಯೋಕಾಗಲ್ಲ," ಎಂದಳು ಸೊಸೆ.

"ಆಗ್ದಿದ್ರೆ ಬಿಡೇ. ನಾವೇನು ಆನೆ ಸಾಕಿದೀವಾ?" ಎಂದ ಮುದುಕಿ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, "ಶುರು ಮಾಡು, ನೋಡೋಣ," ಎಂದಳು.